ಖಣದ ಪರಕಾರದೊಳಗಿನ ಕಾಗದ

ಬೈಲಹೊಂಗಲ
ತಾ. ೧೨ ನವೆಂಬರ್ ೨೦೨೪

ಮಗಳೇ ಪ್ರಜ್ಞಾ, ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕು. ಮಾಡುವುದಿಲ್ಲ. ಕ್ಯಾಮೆರಾದ ಮುಂದೆ ನಿನ್ನಿಂದ ಓದಿಸಿದರಲ್ಲ, ಆ ಕಾಗದದಲ್ಲಿ ಬೇಕಾದಷ್ಟು ಕ್ಷೇಮ ಬರೆದಾಗಿದೆ. ಅದರಲ್ಲಿ ಅಕ್ಷರ ನನ್ನದು, ಮಾತು ಚಾನೆಲ್ಲಿನವರದು. "ಗೆದ್ದೇ ಬಾ" ಎಂದು ಬರೆಸಿದವರು ಅವರು.

ಈ ಮಾಡೆಲ್ ಸ್ಪರ್ಧೆಗೆ ಇಲ್ಲಿಯವರೆಗೆ ಬಿದ್ದ ಖರ್ಚು ಕೇಳು. ಫೋಟೋದವನಿಗೆ ಆರು ಸಾವಿರ. ಎತ್ತರದ ಹಿಮ್ಮಡಿಯ ಚಪ್ಪಲಿ ಎರಡು ಜೋಡಿ. ಅವುಗಳಲ್ಲಿ ನಡೆಯಲು ಕಲಿಯುವಾಗ ಉಳುಕಿದ ಕಾಲಿಗೆ ಎಣ್ಣೆ, ಪಟ್ಟಿ. ಬೆಂಗಳೂರಿಗೆ ಮೂರು ಸಲ ಬಸ್ಸು. ಆಧಾರ್ ತೋರಿಸಿ ಪುಕ್ಕಟೆ ಹೋದೆವು, ಆದರೂ ಎಣಿಕೆಯಲ್ಲಿ ಇರಲಿ. ಇದನ್ನೆಲ್ಲ ನಾನು ನುಂಗಿಕೊಂಡೇನು. ನುಂಗಲಾಗದ್ದು ನಿನ್ನ ನಡುವಿನ ಐದು ಇಂಚು.

ಹೋಗುವ ಮುಂಚೆ ನಾನೇ ಅಳೆದಿದ್ದೆ, ಇಪ್ಪತ್ತೊಂಬತ್ತು ಇತ್ತು. ಮೊನ್ನೆ ಟಿವಿಯಲ್ಲಿ ನೀನು ಹೊರಳಿ ನಿಂತಾಗ ಇಪ್ಪತ್ನಾಲ್ಕು. ಇಪ್ಪತ್ತಾರು ವರ್ಷ ಟೇಪು ಕೊರಳಿಗೆ ಹಾಕಿಕೊಂಡವಳ ಕಣ್ಣು ಅರ್ಧ ಇಂಚಿಗಿಂತ ಹೆಚ್ಚು ತಪ್ಪುವುದಿಲ್ಲ. ಟಿವಿಯಲ್ಲಿ ಮನುಷ್ಯರು ದಪ್ಪ ಕಾಣುತ್ತಾರಂತೆ. ಹಾಗಿದ್ದರೆ ನಿಜವಾಗಿ ಎಷ್ಟು ಉಳಿದಿದ್ದೀ? ಲೆಕ್ಕ ಹಾಕಲು ಕೂತೆ. ಬಿಟ್ಟೆ.

ಚಚಡಿಯ ಗುರವ್ವ ಜಂಪರ ಹೊಲಿಸಲು ಬಂದವಳು ಅಂಗಡಿಯ ಟಿವಿ ನೋಡುತ್ತ ನಿಂತಿದ್ದಳು. "ಯಕ್ಕಾ, ನಿನ್ನ ಮಗಳ ಎದಿ ಎಲುಬ ಇಲ್ಲಿಂದನ ಎಣಸಾಕ ಬರ್ತಾವಲ್ಲ! ಅಲ್ಲಿ ಕೂಳ ಹಾಕತಾರೋ ಇಲ್ಲೋ?" ಅಂದಳು. "ಅದು ಫ್ಯಾಶನ್, ನಿನಗ ತಿಳಿಯೂದಿಲ್ಲ, ತೋಳ ಎಷ್ಟ ಉದ್ದ ಇಡಲಿ ಹೇಳ" ಎಂದು ಗದರಿಸಿದೆ. ಅವಳು ಹೋದ ಮೇಲೆ ಅದೇ ಜಂಪರದ ತೋಳನ್ನು ಎರಡು ಸಲ ತಪ್ಪು ಕತ್ತರಿಸಿದೆ.

ಶನಿವಾರಕ್ಕೊಮ್ಮೆ ನಿಮ್ಮನ್ನು ತೂಕಕ್ಕೆ ನಿಲ್ಲಿಸಿ ಅಂಕಿಯನ್ನು ಪರದೆಯ ಮೇಲೆ ತೋರಿಸುತ್ತಾರೆ. ಎಪಿಎಂಸಿಯಲ್ಲಿ ಹತ್ತಿ ತೂಗುವಾಗಲೂ ಯಾರೂ ಹಾಗೆ ಚಪ್ಪಾಳೆ ಹೊಡೆಯುವುದಿಲ್ಲ. ಅದನ್ನೂ ತಡೆದುಕೊಂಡೆ. ನೀನು ಚಮಚ ಎತ್ತಿದಾಗಲೆಲ್ಲ ಆ ಮೂವರು ಹುಡುಗಿಯರು ಮೇಜು ಬಡಿದು "ಹಗೇವು ತುಂಬ್ತೇನೇ?" ಎಂದು ಕೂಗುತ್ತಾರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಹುಡುಗಿಯರು, ಜೋಳ ತುಂಬಿಡುವ ನೆಲದೊಳಗಿನ ಕುಣಿಯನ್ನು ಅವರೆಲ್ಲಿ ಕಂಡಿದ್ದರು? ಆ ಮಾತು ಅವರಿಗೆ ಯಾರು ಕೊಟ್ಟರೆಂದು ನೀನು ಯೋಚಿಸಿರಬೇಕು.

ನಾನು ಕೊಟ್ಟೆ. ಚಾನೆಲ್ಲಿನವರು ಮನೆಗೆ ಬಂದಿದ್ದರು. ಅವಲಕ್ಕಿ, ಚಹಾ ಕೊಟ್ಟೆ. ಮಗಳ ಬಾಲ್ಯದ ಬಗ್ಗೆ ಏನಾದರೂ ಹೇಳಿ ಅಂದರು. ನನ್ನ ನಾಲಿಗೆ ನಿನಗೆ ಗೊತ್ತೇ ಇದೆ. "ಈಕಿ ಮಗಳಲ್ಲರಿ, ಹಗೇವು! ಎಷ್ಟ ಸುರದ್ರೂ ತುಂಬೂದಿಲ್ಲ" ಎಂದು ಬಾಯಿತಪ್ಪಿ ಅಂದೆ. ಮನೆಯಲ್ಲಿ ಹಾಗೆ ಅಂದಾಗ ನೀನು ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದೆ. ಅಲ್ಲಿ ಅದೇ ಮಾತಿಗೆ ತಟ್ಟೆ ದೂರ ಸರಿಸಿದೆ. ನಾನು ನೋಡಿದೆ.

ಬುಧವಾರದ ಕಂತಿನಲ್ಲಿ ನೀನು ನಡೆಯುತ್ತ ನಡೆಯುತ್ತ ಬಿದ್ದೆ. ಸಂಗೀತ ಹಾಕಿ ಮೂರು ಸಲ ಬೀಳಿಸಿದರು. ನಾನು ಕುರ್ಚಿಯಿಂದ ಎದ್ದವಳು ಮೂರು ಸಲವೂ ಪರದೆಗೆ ಕೈ ಚಾಚಿದೆ. ಚಾನೆಲ್ಲಿಗೆ ಫೋನು ಹಚ್ಚಿದರೆ ಅಲ್ಲಿಯವನು, "ಅಮ್ಮಾ, ಟೆನ್ಷನ್ ತಗೋಬೇಡಿ, ನಿಮ್ಮ ಮಗಳು ಟ್ರೆಂಡಿಂಗ್‌ನಲ್ಲಿದ್ದಾಳೆ" ಅಂದ. ಮನೆಗೆ ಕಳಿಸಿರಿ ಅಂದೆ. "ಅವಳೇ ಬಾಯಿಬಿಟ್ಟು ಹೋಗ್ತೀನಿ ಅಂದ್ರೆ ಅವತ್ತೇ ಬಿಡ್ತೀವಿ. ಆದ್ರೆ ಅವಳು ಹೇಳಲ್ಲ, ಬಿಡಿ" ಅಂದು ನಕ್ಕ. ಆ ನಗುವಿಗೆ ಹೆದರಿದಷ್ಟು ನಾನು ಪೊಲೀಸರಿಗೂ ಹೆದರಿಲ್ಲ. ಅವನ ಮಾತು ನಿಜವಾಗಬಹುದೆಂದು ನನಗೆ ಗೊತ್ತಿತ್ತು. ನೀನು ನನ್ನ ಮಗಳು, ಹಿಡಿದದ್ದು ಬಿಡುವವಳಲ್ಲ.

ಅದಕ್ಕೇ ಈ ಕಾಗದ. ನಿನ್ನ ಫೋನು ಅವರ ಹತ್ತಿರ, ಅಂಚೆಗೆ ಹಾಕಿದರೆ ಅವರೇ ಮೊದಲು ಓದುತ್ತಾರೆ. ಶನಿವಾರದ ಸುತ್ತಿನಲ್ಲಿ ಉಡಲು ಊರಿನ ಉಡುಗೆ ಕಳಿಸಲು ಹೇಳಿದ್ದರು. ಪಾದ ಮುಟ್ಟುವಂತೆ ಹಸಿರು ಖಣದ ಪರಕಾರ ಹೊಲಿದು ಅಂಚಿನ ಮಡಿಕೆಯೊಳಗೆ ಇದನ್ನಿಟ್ಟು ಮೇಲೆ ಕೆಂಪು ದಾರ ಹಾಕಿದ್ದೇನೆ. ಬಟ್ಟೆ ಕೈಗೆ ಬಂದರೆ ಮೊದಲು ಒಳಹೊಲಿಗೆ ತಿರುವಿ ನೋಡುವವಳು ನೀನು. ಹಸಿರಿಗೆ ಕೆಂಪು ದಾರ ಹಾಕುವ ತಪ್ಪು ನಿನ್ನ ಅವ್ವ ಈ ಸಿದ್ದಲಿಂಗವ್ವನ ಕೈಯಿಂದ ಆಗದೆಂದೂ ನಿನಗೆ ಗೊತ್ತು.

ಪರಕಾರದ ನಡು ಇಪ್ಪತ್ತೊಂಬತ್ತೇ ಇಟ್ಟಿದ್ದೇನೆ. ಉಟ್ಟರೆ ಜಾರುತ್ತದೆ. ಪಿನ್ನು ಚುಚ್ಚಿ ಬಿಗಿ ಮಾಡಲು ಬರುತ್ತಾರೆ, ಬಿಡಬೇಡ. ಎಲ್ಲರೆದುರು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ನಿಂತು, ಇಷ್ಟು ಕರಗಿದ್ದೇನೆ, ಸಾಕು, ಮನೆಗೆ ಹೋಗುತ್ತೇನೆ ಎಂದು ಹೇಳು. ಕ್ಯಾಮೆರಾ ಓಡುತ್ತಿರುವಾಗಲೇ ಹೇಳು, ಆಮೇಲೆ ಹೇಳಿಲ್ಲ ಎನ್ನಲು ಅವರಿಗೆ ಬಾರದು. ಕಿತ್ತೂರಿನಿಂದ ನಿಂಗರಾಜ ಮಾಮಾ ಟೆಂಪೋ ತೆಗೆದುಕೊಂಡು ಶುಕ್ರವಾರದಿಂದ ಗೇಟಿನೆದುರು ಇರುತ್ತಾನೆ. ಅವನ ಪಕ್ಕದಲ್ಲಿ ನಾನೂ ಇರುತ್ತೇನೆ.

ಊರವರು ಏನಂದಾರು ಎಂಬುದನ್ನು ನನಗೆ ಬಿಡು. ಊರಿಗೆ ಉತ್ತರ ಕೊಟ್ಟೇ ನಾನು ಈ ಅಂಗಡಿ ಕಟ್ಟಿದ್ದು. ನೀನು ಉಂಡು ಬಾ. ಅಲ್ಲಿ ಗಂಟಲಲ್ಲಿ ಇಳಿಯದಿದ್ದರೆ ಉಣ್ಣದೆಯೇ ಬಾ. ಆದರೆ ಬಾ.

ನಿನ್ನ ಹಾದಿ ಕಾಯುತ್ತಿರುವ,
ಅವ್ವ

ತಾಜಾ ಕಲಂ: ಬಾಯಿತಪ್ಪಿ ಅಂದೆ ಎಂದು ಮೇಲೆ ಬರೆದದ್ದು ಸುಳ್ಳು. ಬೆಳಕು ಸರಿ ಬರಲಿಲ್ಲವೆಂದು ಅವರು ಆ ಮಾತನ್ನು ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ, ಅಂಗಡಿಯ ಬೋರ್ಡು ಕಾಣಲಿ ಎಂದು ನಾನೇ ಎರಡು ಹೆಜ್ಜೆ ಸರಿದು ನಿಂತು ನಗುತ್ತ ಹೇಳಿದೆ. ಇದರಲ್ಲಿ ಯಾರಿಗೆ ಏನು ಬಂತು ಎಂದರೆ: ಚಾನೆಲ್ಲಿಗೆ ನಾಲ್ಕು ಕಂತು. ಮೇಜು ಬಡಿದ ಹುಡುಗಿಯರಲ್ಲಿ ಒಬ್ಬಳಿಗೆ ಸೋಪಿನ ಜಾಹೀರಾತು. ನನಗೆ ನಲವತ್ತೊಂದು ಜಂಪರದ ಆರ್ಡರು. ನಿನಗೆ ಒಂದು ಅಡ್ಡಹೆಸರು.