ಬೇಡವೆಂದಷ್ಟೂ ಬರುವ ಯೋಚನೆ

ಗಾವಡಗೆರೆ, ೧೨ ಜನವರಿ ೧೯೩೬, ಭಾನುವಾರ

ಈಳಿಗೆಮಣೆ ಕಂಡೊಡನೆ ಇಂದೂ ಅದೇ ಯೋಚನೆ ನುಗ್ಗಿತು: ನನ್ನ ಕೈಯೇ ಈ ಏಳು ತಿಂಗಳ ಬಸಿರನ್ನು ಸೀಳಿಬಿಡುತ್ತದೆ. ನೆಲದ ಮೇಲೆ ರಕ್ತವೂ ಕಂಡಂತಾಯಿತು. ಬೇಡವೆಂದಷ್ಟೂ ಬರುತ್ತದೆ. ಪಾಪ ಹೋಗಲೆಂದು ಬೂದಿ ಹಾಕಿ ಕೈ ಉಜ್ಜಿದೆ. ಚರ್ಮ ಕಿತ್ತು ಬಂದರೂ ನಿಲ್ಲಿಸಲಾಗಲಿಲ್ಲ.

ಅತ್ತೆ ಓಡಿಬಂದು ಕೈ ಹಿಡಿದರು. ಎಲ್ಲವನ್ನೂ ಹೇಳಿ, "ನನ್ನ ಕಟ್ಟಾಕಿ ಅತ್ತೆ" ಎಂದು ಗೋಗರೆದೆ.

ಅವರು ಗಾಯಕ್ಕೆ ಬೆಣ್ಣೆ ಹಚ್ಚುತ್ತಾ ಹೇಳಿದರು: "ನಿನ್ ಗಂಡ ಒಟ್ಟೇಲಿದ್ದಾಗ, ನಾನೇ ಅವನ್ನ ಬಾವಿಗೆ ಎಸ್ದಂಗೆ ಕಾಣ್ತಿತ್ತು ಕಣವ್ವ. ನೀರಿಗೇ ಓಗ್ತಿರ್ನಿಲ್ಲ. ಮೈಗಳ್ಳಿ ಅಂತ ನಮ್ಮತ್ತೆ ಒಡೀತಿದ್ರು. ಒಡಿಸ್ಕೊಂಡೆ, ಬಾಯ್ ಬುಡ್ನಿಲ್ಲ."

ನನ್ನವರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಬಾವಿಗೆ ಬೀಳದೆ ಬೆಳೆದ ಆ ಎದೆ ಏರಿಳಿಯುವುದನ್ನೇ ನೋಡುತ್ತಾ ನನಗೂ ನಿದ್ದೆ ಎಳೆಯುತ್ತಿದೆ.