ನೆವಾರ್ಕ್‌ನಿಂದ ಪೋರ್ತುವಿಗೆ ಅಗ್ಗದ ಟಿಕೆಟ್

ಫೆಬ್ರವರಿ 9, ಭಾನುವಾರ

ಚರ್ಚಿನಿಂದ ಬಂದು ಕೋಟು ಬಿಚ್ಚುವ ಮೊದಲೇ ಅಮ್ಮನ ಪ್ರಶ್ನೆ. "ನೋಡಿದ್ಯಾ ಲುರ್ದೆಸ್? ರೇಟ್ ಇಳಿದಿದ್ಯಾ?" ಪ್ರತಿ ಭಾನುವಾರವೂ ಇದೇ. ಲ್ಯಾಪ್‌ಟಾಪ್ ತೆರೆದೆ. ನೆವಾರ್ಕ್‌ನಿಂದ ಅಮ್ಮನ ತವರೂರು ಪೋರ್ತುವಿಗೆ, ಮಾರ್ಚ್ ಮೊದಲ ವಾರ. ಹೋಗಿಬರಲು ನಾನೂರ ಹನ್ನೆರಡು ಡಾಲರ್. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಇಷ್ಟು ಕಡಿಮೆ ಯಾವತ್ತೂ ಕಂಡಿರಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸೊಂಟದ ಮೇಲೆ ನನ್ನ ಮಗ ಬೆಂತೊ, ಅವಳ ಕೊರಳಿನ ಸರ ಚೀಪುತ್ತಾ.

"ಒಂಬೈನೂರು," ಅಂದೆ.

"ಥೂ, ಇವರ ಮನೆ ಹಾಳಾಗ!" ಎಂದು ಸೂಪಿಗೆ ಸೊಪ್ಪು ಹೆಚ್ಚಲು ಹೋದಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಫೆಬ್ರವರಿ 11

ಮೇ ತಿಂಗಳಲ್ಲಿ ನರ್ಸಿಂಗ್ ಪರೀಕ್ಷೆ. ಹಗಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರು, ಸಂಜೆ ತರಗತಿ. ಗಂಡ ರುಯಿ ಲಾರಿ ಹತ್ತಿ ಹೋದರೆ ಶನಿವಾರವೇ ಮನೆಗೆ. ಅಮ್ಮ ಹೊರಟುಬಿಟ್ಟರೆ ಬೆಂತೊನನ್ನು ನೋಡುವವರು ಯಾರು?

ಪರೀಕ್ಷೆ ಮುಗಿಯುವವರೆಗೆ ಇರಮ್ಮ ಎಂದು ಕೇಳಬಹುದಿತ್ತು. ಕೇಳಿದರೆ ಅವಳ ಋಣ. ಸುಳ್ಳು ಹೇಳಿದರೆ ವಿಮಾನದವರ ತಪ್ಪು…

ಮಾರ್ಚ್ 2, ಭಾನುವಾರ

ದೊಡ್ಡಮ್ಮನ ಫೋನು. ಅಲ್ಬೆರ್ತೀನಾ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ, ಪೋರ್ತುವಿನಲ್ಲಿ ಒಂಟಿ. ಎಡಗಣ್ಣು ಹೋಗಿ ವರ್ಷವಾಯಿತು. ಬಲಗಣ್ಣೂ ಮಂಜಾಗುತ್ತಿದೆ. ಉಳಿಸಲಾಗದು ಎಂದಿದ್ದಾರಂತೆ ಡಾಕ್ಟರು.

ಅಮ್ಮ ಸಮುದ್ರದ ಆಚೆಗೇ ಕೇಳಿಸುವಂತೆ ಕಿರುಚುತ್ತಿದ್ದಳು. "ಬರ್ತೀನಿ ಕಣೇ! ರೇಟ್ ಇಳೀಲಿ! ಅಲ್ಲೀವರೆಗೂ ಆ ಕಣ್ಣನ್ನ ಹಾಗೇ ಹಿಡ್ಕೊಂಡಿರು, ನನ್ನ ಮುಖ ನೋಡೋಕೆ!"

ಫೋನಿಟ್ಟು ನನ್ನತ್ತ ತಿರುಗಿದಳು. "ಎಷ್ಟಿದೆ ಈಗ?"

ನಾನೂರ ಮೂವತ್ತು ಇತ್ತು.

"ಎಂಟುನೂರೈವತ್ತು," ಅಂದೆ. ಐವತ್ತು ಇಳಿಸಿದ್ದಕ್ಕೆ ನನಗೇ ಏನೋ ದಯೆ ತೋರಿಸಿದ ಹಾಗನಿಸಿತು. ಛೀ.

"ಸೂಟ್‌ಕೇಸ್ ಇಲ್ದೆ ಹೋದ್ರೆ ಕಮ್ಮಿಯಂತಲ್ಲ? ಐದು ರವಿಕೆ ಒಂದರ ಮೇಲೊಂದು ಹಾಕ್ಕೊಂಡು ಹೋಗ್ತೀನಿ. ಒಣಮೀನೊಂದು ಬಿಟ್ಟು ಏನೂ ಒಯ್ಯಲ್ಲ."

"ಬೀದಿಬೀದಿಗೂ ಒಣಮೀನು ಮಾರೋ ಪೋರ್ತುವಿಗೆ ಒಣಮೀನು ಒಯ್ತೀಯಾ?"

ಇಬ್ಬರೂ ನಕ್ಕೆವು.

ಮಾರ್ಚ್ 19

ದರ ಇಳಿದಾಗ ತಿಳಿಸಿ ಎಂದು ಯಾವತ್ತೋ ಒತ್ತಿದ್ದೆ. ಈಗ ದಿನಾ ಮೇಲ್ ಬರುತ್ತಿದೆ. ಕ್ಲಿನಿಕ್ಕಿನಲ್ಲಿ ಕೂತು ಓದದೆ ಅಳಿಸುತ್ತೇನೆ. ಆ ಸೂಚನೆಯನ್ನೇ ನಿಲ್ಲಿಸಬಹುದು. ನಿಲ್ಲಿಸುವುದಿಲ್ಲ. ಯಾಕೋ.

ಏಪ್ರಿಲ್ 6

ಎರಡು ವಾರದ ಹಿಂದೆ ಪಕ್ಕದ ಮನೆಯ ಫೆರ್ನಾಂದಾ ಅಮ್ಮನ ಕಿವಿಗೆ ಏನೋ ಊದಿದ್ದಳು. "ಬಾಸ್ಟನ್‌ಗೆ ಬಸ್ಸಲ್ಲಿ ಹೋಗಿ, ಅಲ್ಲಿಂದ ಅಸೋರ್ಸ್ ದ್ವೀಪದಲ್ಲಿ ಇಳಿದು ಹೋದ್ರೆ ಬಲು ಅಗ್ಗವಂತೆ," ಅಂದಳು ಅಮ್ಮ.

"ಅಷ್ಟೆಲ್ಲ ಇಳಿದು ಹತ್ತೋಕೆ ನಿನ್ನ ಕೈಲಾಗುತ್ತಾ? ದಾರಿ ಕೇಳೋಕೆ ಇಂಗ್ಲಿಷೂ ಬರಲ್ಲ."

"ಅಸೋರ್ಸಲ್ಲಿ ಇಂಗ್ಲಿಷ್ ಯಾಕೆ ಬೇಕು? ಅಲ್ಲಿ ನಮ್ಮ ಪೋರ್ಚುಗೀಸೇ ಆಡೋದು ಕಣೇ!"

"ಮಂಡಿನೋವು" ಅಂದೆ. ಅಮ್ಮ ತನ್ನ ಮಂಡಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು. ಅವತ್ತಿನಿಂದ ದರ ಕೇಳುವುದನ್ನು ನಿಲ್ಲಿಸಿದ್ದಾಳೆ.

ಅವಳು ಕೇಳದಿರುವುದು ನನಗೆ ಇನ್ನೂ ಕಷ್ಟ.

ಮೇ 17, ಶನಿವಾರ

ಪಾಸಾದೆ! ರುಯಿ ಲಾರಿಯಿಂದಲೇ ಹಾರನ್ ಹೊಡೆದು ಬೀದಿಯನ್ನೆಲ್ಲ ಎಬ್ಬಿಸಿದ. ಅಮ್ಮ ಹಣೆಗೆ ಮುತ್ತಿಟ್ಟಳು. ಬಟ್ಟಲಲ್ಲಿ ವೈನು, ಬೆಂತೊಗೂ ಬೆರಳದ್ದಿ ಒಂದು ಹನಿ.

ಊಟವಾದ ಮೇಲೆ ಲ್ಯಾಪ್‌ಟಾಪ್ ತಂದೆ. ಇವತ್ತೇ ತೆಗೆದುಬಿಡಬೇಕು, ಎಷ್ಟಾದರೂ ಸರಿ ಎಂದು. ಜೂನಿನ ದರ ಸಾವಿರದ ಇನ್ನೂರು. ಬೇಸಿಗೆ ರಜೆ. ನನ್ನ ಸುಳ್ಳನ್ನೂ ದಾಟಿ ಹೋಗಿತ್ತು.

"ಮುಚ್ಚು ಅದನ್ನ," ಅಂದಳು ಅಮ್ಮ. "ಮಂಗಳವಾರ ಹೊರಡ್ತಿದ್ದೀನಿ. ಮಾರ್ಚಲ್ಲೇ ತಗೊಂಡಿದ್ದೆ. ನಾನೂರ ಅರವತ್ತಕ್ಕೆ."

ರುಯಿ ಏನೂ ತಿಳಿಯದೆ ಚಪ್ಪಾಳೆ ತಟ್ಟಿದ. ಅಮ್ಮ ಪಾತ್ರೆ ಎತ್ತಿಕೊಂಡು ಒಳಗೆ ನಡೆದಳು. ಹಿಂದೆಯೇ ಹೋದೆ.

"ಗೊತ್ತಿತ್ತಾ?"

"ಆವತ್ತು ಅಕ್ಕನ ಫೋನ್ ಬಂತಲ್ಲ, ಮಾರನೇ ದಿನ ಫೆರ್ನಾಂದಾ ತನ್ನ ಫೋನಲ್ಲಿ ತೋರಿಸಿದ್ಲು. ನೀನೇ ಬಾಯಿಬಿಟ್ಟು ಹೇಳ್ತೀಯೇನೋ ಅಂತ ಕಾದೆ, ಬಾಸ್ಟನ್ ಮಾತೂ ತೆಗೆದೆ." ನಲ್ಲಿ ತಿರುಗಿಸಿದಳು. "ಹೇಳಲಿಲ್ಲ. ಆಮೇಲೆ ಅಂದ್ಕೊಂಡೆ, ಹುಡುಗಿ ಹೆದರಿದಾಳೆ, ಪರೀಕ್ಷೆ ಮುಗೀಲಿ. ಅದಾದ ಮೇಲಿನ ತಾರೀಖೇ ಹಾಕಿಸ್ದೆ."

"ಬೈಯಮ್ಮ, ಎರಡು ಮಾತು ಬೈದುಬಿಡು."

"ಬೈದ್ರೆ ನಿನಗೆ ಹಗುರಾಗುತ್ತೆ. ಅದಕ್ಕೇ ಬೈಯಲ್ಲ." ತಟ್ಟೆ ನನ್ನ ಕೈಗಿಟ್ಟಳು. "ಒರೆಸು."

ಮೇ 20, ಮಂಗಳವಾರ

ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ಕಾರಿನಲ್ಲಿ ಪೂರ್ತಿ ಬೆಂತೊನ ಊಟ, ನಿದ್ದೆ, ಕೆಮ್ಮಿನ ಔಷಧ ಇಷ್ಟೇ ಮಾತು. ತಪಾಸಣೆಯ ಸಾಲಿನಿಂದ ತಿರುಗಿ ಕೈ ಬೀಸಿದಳು. ಬೆಂತೊಗೋ, ನನಗೋ ತಿಳಿಯಲಿಲ್ಲ.

ಮೇ 22

ಅಮ್ಮನ ಫೋನು. ದೊಡ್ಡಮ್ಮನಿಗೆ ಈಗ ಬೆಳಕು ಮತ್ತು ನೆರಳು, ಅಷ್ಟೇ ಕಾಣುವುದು. ಏಪ್ರಿಲಿನಲ್ಲಿ ಈಸ್ಟರ್ ಕಳೆದ ಮೇಲೆ ಹೀಗಾಯಿತಂತೆ. ನಮಗೆ ತಿಳಿಸಿರಲಿಲ್ಲ. "ಎರಡೂ ಕೈಯಿಂದ ನನ್ನ ಮುಖ ಸವರಿದ್ಲು," ಅಂದಳು ಅಮ್ಮ. "ದಪ್ಪಗಾಗಿದ್ದೀಯಾ ಅಂದ್ಲು." ನಕ್ಕಳು. ನಗು ನಡುವೆಯೇ ಮುರಿಯಿತು.

ಮೇ 25, ಭಾನುವಾರ

ಇವತ್ತು ದೊಡ್ಡಮ್ಮನೇ ಮಾತಾಡಿದಳು.

"ಲುರ್ದೆಸ್, ಮಗಳೇ, ಟಿಕೆಟ್ ಅಷ್ಟೊಂದು ದುಬಾರಿಯಂತೆ. ಆದ್ರೂ ನೀನು ಹುಡುಕಿ ಹುಡುಕಿ ಕಳಿಸಿದ್ಯಂತೆ. ನಿಮ್ಮಮ್ಮ ಹೇಳಿದ್ಲು. ದೇವರು ನಿನ್ನ ಚೆನ್ನಾಗಿಟ್ಟಿರಲಿ."

ಹೀಗೆ ಹೇಳಿಟ್ಟಿದ್ದಾಳೆ ಅಮ್ಮ. ನನ್ನ ಮಾನ ಉಳಿಸಲು. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಪಕ್ಕದಿಂದ ಅಮ್ಮ ಗದರಿದ್ದೂ ಕೇಳಿಸಿತು, "ಸಾಕು, ಫೋನ್ ಇಡು ಈಗ."

"ಇಲ್ಲ ದೊಡ್ಡಮ್ಮ," ಅಂದೆ. "ಅಗ್ಗ ಇತ್ತು. ಫೆಬ್ರವರಿಯಲ್ಲೇ ಇತ್ತು. ನಾನೇ ಮುಚ್ಚಿಟ್ಟೆ."

 

"ಫೆಬ್ರವರಿಯಲ್ಲಿ," ಅಂದಳು ದೊಡ್ಡಮ್ಮ ನಿಧಾನವಾಗಿ, "ಕಿಟಕಿ ಹೊರಗಿನ ಗಿಡದಲ್ಲಿ ಎಷ್ಟು ನಿಂಬೆಹಣ್ಣಿದೆ ಅಂತ ಕೂತಲ್ಲೇ ಎಣಿಸ್ತಿದ್ದೆ."

ಕೋಪವಿರಲಿಲ್ಲ ಆ ದನಿಯಲ್ಲಿ. ನೆನಪು ಮಾಡಿಕೊಳ್ಳುವ ದನಿ, ಅಷ್ಟೇ. ಕ್ಷಮಿಸು ಎನ್ನಲು ಬಾಯಿ ತೆರೆದೆ, ಬೆಂತೊ ಓಡಿಬಂದು ಫೋನು ಕಿತ್ತುಕೊಂಡ. ಅಜ್ಜಿ, ಅಜ್ಜಿ ಎಂದು ಕೂಗಿದ. ಅವರಿಬ್ಬರೂ ಅವನೊಂದಿಗೆ ನಗುತ್ತಾ ಮಾತಾಡತೊಡಗಿದರು. ನಾನು ಕೈ ಚಾಚಿಕೊಂಡು ನಿಂತೇ ಇದ್ದೆ, ಫೋನು ನನಗೆ ಮತ್ತೆ ಸಿಗಲಿ ಎಂದು ಕಾಯುತ್ತಾ.