ನನ್ನ ಮಾವ ಒಬ್ಬನೇ ಮನುಷ್ಯ

ತಂತ್ರಜ್ಞರ ಪಟ್ಟಿಯನ್ನೂ ತೆರಿಗೆ ರಿಯಾಯಿತಿಯನ್ನೂ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನೀವು ನನ್ನ ಸೋದರಮಾವನನ್ನು ನಾಲ್ಕು ಜನ ಮಾಡಿದ್ದೀರಿ. ಆಮೇಲೆ ಆ ನಾಲ್ಕು ಜನರ ಪ್ರಮಾಣಪತ್ರವನ್ನು ಅಮಾನತಿನಲ್ಲಿಟ್ಟು, ಹೆಸರನ್ನು ಜಿಲ್ಲೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೀರಿ. ಅದಕ್ಕೆ ನೀವು ಹಿಡಿದ ಆಧಾರ ನಾನೇ ಬರೆದ ಒಂದು ಪತ್ರ. ಆ ಪತ್ರವನ್ನು ನಿಮಗೊಬ್ಬರಿಗೇ ಬರೆದಿದ್ದೆ. ಈ ಸಲ ಆ ಧೈರ್ಯ ಸಾಲದೆ, ಅದೇ ಪತ್ರಿಕೆಯ ಮೂಲಕ ಎಲ್ಲರೆದುರಿಗೆ ಬರೆಯುತ್ತಿದ್ದೇನೆ.

ನಾನು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ. ಅಪ್ಪ ಇಂಗ್ಲಿಷ್ ಮನೆತನದವರು, ಅಮ್ಮ ಮೇನ್ ರಾಜ್ಯದ ಉತ್ತರ ತುದಿಯ ನಮ್ಮ ಕಣಿವೆಯ ಫ್ರೆಂಚ್ ಮನೆತನದವರು. ಹನ್ನೆರಡನೆಯ ವಯಸ್ಸಿನಿಂದ ದಕ್ಷಿಣದ ಹಾಸ್ಟೆಲ್‌ನಲ್ಲಿದ್ದು ಓದಿದವಳು. ಫಾರಂ ತುಂಬಬೇಕಾದರೆ ಮೊದಲು ಪೆನ್ಸಿಲ್‌ನಲ್ಲಿ ತುಂಬಿ, ಅಳಿಸಿ, ಮತ್ತೆ ಪೆನ್ನಿನಲ್ಲಿ ತುಂಬುವವರ ಪೈಕಿ. ಲಕೋಟೆ ಅಂಟಿಸಿದ ಮೇಲೆ ಹಾಳೆ ಒಳಗಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ಇಷ್ಟು ಪುಕ್ಕಲು ಸ್ವಭಾವದವಳಿಗೇ ಊರಿನವರು ಬರೆಯುವ ಕೆಲಸ ವಹಿಸಿದರು. "ಹಾಸ್ಟೆಲ್‌ನಲ್ಲಿ ಅಷ್ಟು ವರ್ಷ ಸುಮ್ನೆ ಕೂತಿದ್ಲಾ? ಕಚೇರಿಯೋರ ಮಾತು ಇವಳಿಗೇ ಗೊತ್ತಾಗೋದು. ಇವಳೇ ಬರೀಲಿ" ಎಂದು ಅಜ್ಜಿ ತೀರ್ಪು ಕೊಟ್ಟಳು.

ಕಳೆದ ಏಪ್ರಿಲ್‌ನಲ್ಲಿ ನೀವು ನಮ್ಮ ಚರ್ಚಿನ ಸಭಾಂಗಣಕ್ಕೆ ಬಂದಿದ್ದು ನಿಮಗೆ ನೆನಪಿರಬೇಕು. ರಜೆಗೆ ಬಂದಿದ್ದ ನಾನು ಕೊನೆಯ ಸಾಲಿನಲ್ಲಿದ್ದೆ. ಎಣ್ಣೆ ಉರಿಸುವ ಹಳೆಯ ಒಲೆಗಳನ್ನು ಬಿಡಿ, ಹೀಟ್ ಪಂಪ್ ಹಾಕಿಸಿ, ಚಳಿಗಾಲದಲ್ಲಿ ಮನೆ ಬೆಚ್ಚಗೆ, ಬೇಸಿಗೆಯಲ್ಲಿ ತಂಪು, ಪ್ರಮಾಣಪತ್ರವಿರುವ ತಂತ್ರಜ್ಞರಿಂದ ಹಾಕಿಸಿದರೆ ತೆರಿಗೆಯಲ್ಲಿ ರಿಯಾಯಿತಿ ಎಂದಿರಿ. ಆಲೂಗಡ್ಡೆ ಬೆಳೆಯುವ ಸಿರ್ ಮನೆತನದ ಓನೆಜಿಮ್ ಸಿರ್ ಎದ್ದು ನಿಂತು ಕೇಳಿದರು: "ಅಲ್ಲ ಸ್ವಾಮಿ, ಹೊರಗಿನ ಗಾಳೀಲಿ ಬಿಸಿ ಇದ್ದಿದ್ರೆ ನಾವ್ಯಾಕೆ ಇಷ್ಟು ದಪ್ಪ ಕೋಟು ಹಾಕ್ಕೋತಿದ್ವಿ?"

ಸಭೆ ನಕ್ಕಿತು. ನೀವು ನಿಮ್ಮ ಕಾಗದಗಳಲ್ಲಿ ಹುಡುಕತೊಡಗಿದಿರಿ. ಆಗ ಎದ್ದವನು ನನ್ನ ಮಾವ, ಕ್ಲೋವಿಸ್ ಲಾಜೋಯ್.

"ಓನೆಜಿಮಣ್ಣ, ನಿನ್ನ ಫ್ರಿಜ್ ಹಿಂದುಗಡೆ ಕೈ ಇಟ್ಟು ನೋಡಿದ್ದೀಯಾ? ಬೆಚ್ಚಗಿರತ್ತೆ ತಾನೆ? ಒಳಗಿರೋ ಹಾಲಿಂದ ಕಿತ್ತು ಹೊರಗೆ ಹಾಕಿದ ಬಿಸಿ ಅದು. ಇದೂ ಹಾಗೇ. ಬೀದೀನೇ ಫ್ರಿಜ್ ಅಂದ್ಕೋ."

"ಹಾಗಾದ್ರೆ ಬೀದಿ ಇನ್ನೂ ತಣ್ಣಗಾಗತ್ತೆ ಅನ್ನು!"

"ಆಗ್ಲಿ ಬಿಡೋ. ಬೀದೀಲಿ ಯಾರು ಮಲಗ್ತಾರೆ?"

ಆ ಸಂಜೆ ನಿಮ್ಮ ಯೋಜನೆ ನಮ್ಮೂರಲ್ಲಿ ಉಳಿದದ್ದು ಈ ಮೂರು ಮಾತಿನಿಂದ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಹಿಮದಲ್ಲಿ ಐದು ಗಂಟೆ ಕಾರು ಓಡಿಸಿಕೊಂಡು ಹೋಗಿ, ತನ್ನದಲ್ಲದ ಭಾಷೆಯಲ್ಲಿ ಪರೀಕ್ಷೆ ಬರೆದು ಪಾಸಾಗಿ ಬಂದಿದ್ದ ಮನುಷ್ಯ ಅವನು. ನೀವು ಅವನ ಹೆಗಲ ಮೇಲೆ ಕೈ ಹಾಕಿ ಮೈಕಿನಲ್ಲಿ, "ಈ ಕಣಿವೆಗೆ ನಮ್ಮ ಮನುಷ್ಯ ಅಂದ್ರೆ ಕ್ಲೋವಿಸ್. ಇವರ ಕೈಲಿ ಹಾಕಿಸಿ, ರಿಯಾಯಿತಿಗೆ ನಾನು ಹೊಣೆ" ಎಂದಿರಿ. ಕ್ಲೋವಿಸ್ ಎಂದಿರಿ, ಮಾನ್ಯರೇ. ನೂರಿಪ್ಪತ್ತು ಜನ ಕೇಳಿಸಿಕೊಂಡಿದ್ದಾರೆ.

ಆಮೇಲೆ ಲೂದಿವೀನ್ ಅತ್ತೆ ತಟ್ಟೆ ತುಂಬ ಪ್ಲೋಯ್ ತಂದಿಟ್ಟಳು. ಬಕ್‌ವೀಟ್ ಹಿಟ್ಟಿನ ಆ ಹಳದಿ ದೋಸೆಯನ್ನು ನೀವು ಎತ್ತಿ ನೋಡಿ, "ಮೇಲುಗಡೆ ಬೇಯಿಸಲ್ವಾ?" ಎಂದು ಕೇಳಿದಿರಿ. "ಇಲ್ಲ ಸ್ವಾಮಿ, ನಮ್ಮಲ್ಲಿ ತಿರುವಿ ಹಾಕೋ ಪದ್ಧತಿ ಇಲ್ಲ" ಎಂದಳು ಅತ್ತೆ. ನೀವು ನಕ್ಕು ಬೆಣ್ಣೆ ಸವರಿಕೊಂಡು ನಾಲ್ಕು ತಿಂದಿರಿ. ಮಾತನ್ನು ತಿರುವಿ ಹಾಕುವ ಪದ್ಧತಿ ನಿಮ್ಮಲ್ಲಿದೆ ಎಂದು ನೀವೂ ಅವತ್ತೇ ಹೇಳಿಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಬೇಸಿಗೆ ಮಾವ ಹತ್ತೊಂಬತ್ತು ಮನೆಗಳಿಗೆ ಯಂತ್ರ ಹಾಕಿದ. ಮೊದಲನೆಯದು ಅಜ್ಜಿಯ ಮನೆಗೆ. ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆಗೆ ಅಜ್ಜಿ ತನ್ನ ಜಪಮಾಲೆ ನೇತುಹಾಕಿದ್ದಾಳೆ. ಗಾಳಿ ಬಂದಾಗಲೆಲ್ಲ ಅದು ಅಲ್ಲಾಡುತ್ತದೆ, "ನೋಡು, ತಾನೇ ಜಪ ಮಾಡ್ತಿದೆ" ಎನ್ನುತ್ತಾಳೆ. ಹತ್ತೊಂಬತ್ತು ಮನೆಯ ರಿಯಾಯಿತಿ ಅರ್ಜಿಗಳನ್ನೂ ಆ ಜಪಮಾಲೆಯ ಕೆಳಗೆ ಕೂತು ನಾನೇ ತುಂಬಿದೆ. ಮಾವ ಚೀಟಿಯಲ್ಲಿ ಬರೆದುಕೊಟ್ಟಿದ್ದ ಪ್ರಮಾಣಪತ್ರದ ಸಂಖ್ಯೆಯನ್ನು ಒಂದೊಂದು ಸಲವೂ ಮೂರು ಬಾರಿ ತಾಳೆ ನೋಡಿದೆ. ಯಂತ್ರ ಅಳವಡಿಸಿದವರ ಹೆಸರು ಎಂಬ ಚೌಕದಲ್ಲಿ ಮಾತ್ರ, ಎರಡನೆಯ ಸಲ ಯೋಚನೆ ಮಾಡದೆ, ಕ್ಲೋವಿಸ್ ಲಾಜೋಯ್ ಎಂದು ಬರೆದೆ. ಮಾವನ ಹೆಸರು ಬರೆಯಲು ಯಾರಾದರೂ ಪೆನ್ಸಿಲ್ ಹಿಡಿಯುತ್ತಾರೆಯೇ?

ನಮ್ಮ ಹಳೆಯ ಮನೆತನಗಳಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಜ್ಞಾನಸ್ನಾನದಲ್ಲಿ ಇಡುತ್ತಿದ್ದ ಮೊದಲ ಹೆಸರು ಜೋಸೆಫ್. ಹೆಣ್ಣಾದರೆ ಮೇರಿ. ಅದರ ಹಿಂದೆ ಬರುವುದೇ ಕರೆಯುವ ಹೆಸರು. ಅಜ್ಜಿ ಅಂಗಳದಲ್ಲಿ ನಿಂತು "ಜೋಸೆಫ್" ಎಂದು ಕೂಗಿದ್ದರೆ ಊಟಕ್ಕೆ ಒಬ್ಬನೂ ಬರುತ್ತಿರಲಿಲ್ಲ. ಅದು ಪಾದ್ರಿಗಳ ಪುಸ್ತಕಕ್ಕೆ, ಸೈನ್ಯದವರ ಪಟ್ಟಿಗೆ, ಗೋರಿಯ ಕಲ್ಲಿಗೆ ಇರುವ ಹೆಸರು. ನಿಮ್ಮ ಕಚೇರಿ ಜನನಪತ್ರ ನೋಡಿ ಪ್ರಮಾಣಪತ್ರದ ಮೇಲೆ ಜೋಸೆಫ್ ಸಿ. ಲಾಜೋಯ್ ಎಂದು ಅಚ್ಚು ಮಾಡಿತ್ತು. ಮಾವ ಅದನ್ನು ಚೌಕಟ್ಟು ಹಾಕಿಸಿ, ಅಡುಗೆಮನೆಯಲ್ಲಿ ಮೇರಿ ಮಾತೆಯ ಪಟದ ಪಕ್ಕ ತೂಗುಹಾಕಿದ್ದ. ಅಲ್ಲಿ ಬರೆದಿದ್ದ ಹೆಸರನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ. ಮಾವನದೇ ಪತ್ರ, ಮಾವನದೇ ಗೋಡೆ, ಓದುವುದಕ್ಕೇನಿತ್ತು?

ಅಕ್ಟೋಬರಿನಲ್ಲಿ ನಿಮ್ಮ ಕಚೇರಿಯಿಂದ ಕಾಗದ ಬಂತು: ಈ ಸಂಖ್ಯೆ ಜೋಸೆಫ್ ಎಂಬವರದು, ಕ್ಲೋವಿಸ್ ಎಂಬವರು ಯಾರು? ಅತ್ತೆ ಹಾಸ್ಟೆಲ್ಲಿಗೆ ಫೋನ್ ಮಾಡಿದಳು. ನಾನು ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಗಾಬರಿ ಆಗ್ಬೇಡಮ್ಮ. ಏನು ವಿಷಯ ಅಂತ ಎರಡು ಸಾಲು ಬರೆದು ಹಾಕು, ಸಾಕು" ಎಂದಿತು ಆ ಕಡೆಯ ದನಿ. ಬಹಳ ಮೃದುವಾದ ದನಿ. ನಾನು ಎರಡು ಸಾಲಿನ ಬದಲು ಎರಡು ಪುಟ ಬರೆದೆ.

ಮೊದಲ ಪುಟದಲ್ಲಿ ವಿಷಯವೆಲ್ಲ ಮುಗಿದಿತ್ತು. ಎರಡನೆಯ ಪುಟ ಏಕೆ ಬರೆದೆ ಎಂದು ದಿನಾ ಕೇಳಿಕೊಳ್ಳುತ್ತೇನೆ. ಪ್ಲೋಯ್ ತಿಂದು ನಕ್ಕವರಲ್ಲವೇ, ನಮ್ಮ ಮನೆಯ ಸಂಗತಿ ಕೇಳಿ ಇನ್ನೊಮ್ಮೆ ನಗಲಿ ಎಂದುಕೊಂಡೆ. "ನನ್ನ ಅಜ್ಜಿಗೆ ನಾಲ್ವರು ಗಂಡುಮಕ್ಕಳು, ನಾಲ್ವರೂ ಜೋಸೆಫ್ ಲಾಜೋಯ್" ಎಂದು ಬರೆದೆ. ಬರೆದು ಖುಷಿಪಟ್ಟೆ.

ನಿಮ್ಮ ಆದೇಶದ ಸಾಲು ನನಗೆ ಬಾಯಿಪಾಠವಾಗಿದೆ: "ಅರ್ಜಿದಾರರ ಪರವಾಗಿ ಬರೆದವರೇ ಒಪ್ಪಿಕೊಂಡಿರುವಂತೆ, ಸದರಿ ಪ್ರಮಾಣಪತ್ರದ ಹೆಸರಿನಲ್ಲಿ ಒಂದೇ ಕುಟುಂಬದ ನಾಲ್ವರು ವ್ಯಕ್ತಿಗಳಿರುವುದು ಕಂಡುಬಂದಿದೆ." ಒಪ್ಪಿಕೊಂಡಿರುವಂತೆ! ನಾನು ಹೇಳಿದ್ದು ಮನೆಯ ಮಾತು, ನಿಮ್ಮ ಕೈಗೆ ಸೇರುವಾಗ ಅದು ತಪ್ಪೊಪ್ಪಿಗೆಯಾಗಿತ್ತು. ಉಳಿದ ಮೂವರು ಜೋಸೆಫರ ಬಗ್ಗೆ ಒಂದು ಫೋನ್ ಮಾಡಿ ವಿಚಾರಿಸಬಹುದಿತ್ತಲ್ಲವೇ? ಒಬ್ಬರು ಕನೆಕ್ಟಿಕಟ್‌ನಲ್ಲಿ ಲಾರಿ ಓಡಿಸುತ್ತಾರೆ. ಒಬ್ಬರಿಗೆ ಬಲ್ಬ್ ಬದಲಾಯಿಸುವುದಕ್ಕೂ ಹೆಂಡತಿ ಬೇಕು. ಇನ್ನೊಬ್ಬರು ಚರ್ಚಿನ ಹಿಂದಿನ ಮಣ್ಣಿನಲ್ಲಿ ಮಲಗಿ ಹನ್ನೊಂದು ವರ್ಷವಾಯಿತು. ಅವರು ಎದ್ದು ಬಂದು ಯಾರ ಮನೆಗೆ ಹೀಟ್ ಪಂಪ್ ಹಾಕಿದರು, ದಯವಿಟ್ಟು ತಿಳಿಸಿ. ನಾವೂ ನೋಡಿ ಬಹಳ ದಿನವಾಯಿತು.

ಹತ್ತೊಂಬತ್ತು ಅರ್ಜಿಗಳೂ ತಿರಸ್ಕೃತವಾದವು. ಅದಕ್ಕಿಂತ ಮುಂದಿನದು ನನಗೆ ದೊಡ್ಡದು. ಪತ್ರಿಕೆಯಲ್ಲಿ ಹೆಸರು ಬಂದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಓನೆಜಿಮ್ ಸಿರ್ ಚುಡಾಯಿಸಿದರಂತೆ: "ಏನಪ್ಪಾ ಕ್ಲೋವಿಸ್, ಇವತ್ತು ಯಾವ ಜೋಸೆಫ್ ಬಂದಿರೋದು?"

"ಪಾಪ ಮಾಡದೇ ಇರೋನು."

"ಹಾಗಾದ್ರೆ ನೀನಲ್ಲ ಬಿಡು."

ಅವತ್ತು ಇಬ್ಬರೂ ನಕ್ಕರು. ಮುಂದಿನ ಭಾನುವಾರ ಓನೆಜಿಮ್ ಸಿರ್ ಹತ್ತಿರ ಬಂದು, ದನಿ ತಗ್ಗಿಸಿ, "ಅಲ್ಲ ಕ್ಲೋವಿಸ್, ನಮ್ಮನೆ ಯಂತ್ರ ಹಾಕಿದ್ದು ನೀನೇ ತಾನೆ? ಒಳಗಡೆ ಕೆಲಸ ಎಲ್ಲಾ ನೀನೇ ಮಾಡಿದ್ದಲ್ವಾ?" ಎಂದು ಕೇಳಿದರು. ಆ ಕೆಲಸ ನಡೆದ ಎರಡು ದಿನವೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದವರು ಅವರು. ತಾವು ಕಣ್ಣಾರೆ ಕಂಡದ್ದಕ್ಕಿಂತ ನೀವು ಅಚ್ಚು ಹಾಕಿಸಿದ್ದನ್ನು ಹೆಚ್ಚು ನಂಬಿದರು. ಅದಾದ ಮೇಲೆ ಮಾವ ಪೂಜೆ ಮುಗಿಯುವ ಮೊದಲೇ ಎದ್ದು ಮನೆಗೆ ಬರುತ್ತಾನೆ ಎಂದು ಅತ್ತೆ ಹೇಳಿದಳು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾನು ಊರಿಗೆ ಹೋದೆ. ಅಜ್ಜಿಯ ಮನೆಯ ಹೊರಗಿನ ಯಂತ್ರ ಮಂಜು ಕಟ್ಟಿ ನರಳುತ್ತಿತ್ತು. ಮೊದಲ ಚಳಿಗಾಲದಲ್ಲಿ ಒಮ್ಮೆ ತೆರೆದು ನೋಡಲೇಬೇಕಾದ ಯಂತ್ರ ಅದು. ಮಾವ ಬ್ರಷ್ಷಿನಿಂದ ಮೇಲಿನ ಹಿಮವನ್ನಷ್ಟೇ ಗುಡಿಸಿದ.

"ತೆಗೆದು ನೋಡೋ ಕ್ಲೋವಿಸ್, ಯಾರು ನೋಡ್ತಾರೆ?" ಎಂದಳು ಅಜ್ಜಿ ಕಿಟಕಿಯಿಂದ.

"ಪ್ರಮಾಣಪತ್ರ ಇಲ್ದೆ ಮುಚ್ಚಳ ತೆಗೀಬಾರದು ಅಂತ ಕಾನೂನಿದೆ, ಅಮ್ಮಾ."

"ನಾನು ಹೆತ್ತೋಳು ಹೇಳ್ತಿದೀನಿ."

"ನೀನು ಹೆತ್ತಿದ್ದು ನಾಲ್ಕು ಜನಾನಂತೆ. ಯಾರಿಗೆ ಹೇಳ್ತಿದೀಯಾ?"

ಅಜ್ಜಿ ಕಿಟಕಿ ಮುಚ್ಚಿದಳು. ಮೂವತ್ತೈದು ವರ್ಷ ಈ ಕಣಿವೆಯ ಒಲೆಗಳನ್ನೆಲ್ಲ ರಿಪೇರಿ ಮಾಡಿದವನು ತನ್ನ ತಾಯಿಯ ಯಂತ್ರದ ಮುಂದೆ ಕೈ ಜೇಬಿಗೆ ಹಾಕಿಕೊಂಡು ನಿಂತಿದ್ದ. ನಿಮ್ಮ ಕಾನೂನನ್ನು ನಿಮಗಿಂತ ಹೆಚ್ಚು ಗೌರವಿಸುವ ಈ ಮನುಷ್ಯನನ್ನೇ ನೀವು ವಂಚಕರ ಪಟ್ಟಿಗೆ ಸೇರಿಸಿದ್ದೀರಿ.

ಮರುದಿನ ಬೆಳಗ್ಗೆ ಮಾವನ ಅಡುಗೆಮನೆಗೆ ಹೋದರೆ, ಗೋಡೆಯಲ್ಲಿ ಮಾತೆಯ ಪಟದ ಪಕ್ಕ ಒಂದು ಬಿಳಿ ಚೌಕ ಮಾತ್ರ ಉಳಿದಿತ್ತು. ಮಾವ ಕನ್ನಡಕ ಹಾಕಿಕೊಂಡು, ಹಳೆಯ ಲಕೋಟೆಯ ಬೆನ್ನ ಮೇಲೆ ಏನೋ ಬರೆಯುತ್ತಿದ್ದ. ಅವನು ಮೊದಲು ಕಳಿಸಿದ್ದ ಮೇಲ್ಮನವಿಯನ್ನು ನೀವು ಹಿಂದಕ್ಕೆ ಕಳಿಸಿದ್ದಿರಿ. ಸಹಿ ಕ್ಲೋವಿಸ್ ಎಂದಿದೆ, ಅಚ್ಚಾಗಿರುವ ಹೆಸರಿನಂತೆಯೇ ಸಹಿ ಮಾಡಿ ಡಿಸೆಂಬರ್ ಹದಿನೈದರೊಳಗೆ ಕಳಿಸತಕ್ಕದ್ದು ಎಂದಿದ್ದಿರಿ. ಲಕೋಟೆಯ ತುಂಬ ಜೋಸೆಫ್, ಜೋಸೆಫ್, ಜೋಸೆಫ್.

"ನಿಮ್ಮ ಮಾವ ಅರವತ್ತಕ್ಕೆ ಅಕ್ಷರ ತಿದ್ತಿದಾರೆ ನೋಡು" ಎಂದಳು ಅತ್ತೆ, ನಗಲಾರದೆ.

"ಕೂಸೇ, ಈ ದೊಡ್ಡ ಜೆ ಬಾಲ ಎಡಕ್ಕಾ ಬಲಕ್ಕಾ? ಹುಟ್ಟಿದಾಗಿಂದ ಬರೆದೇ ಇಲ್ಲ ನೋಡು."

"ಮಾವ, ನಾನು ಆ ಎರಡನೇ ಪುಟ ಬರೀಬಾರದಿತ್ತು."

"ಯಾಕೆ? ಅದರಲ್ಲಿ ಸುಳ್ಳೇನಿತ್ತು?"

"ಸುಳ್ಳೇನಿಲ್ಲ."

"ಮತ್ಯಾಕೆ ಅಳ್ತೀಯಾ? ಬಾಲ ಯಾವ ಕಡೆ ಅಂತ ಹೇಳು."

ಅವನು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ನನ್ನ ಹಾಸ್ಟೆಲಿನ ಬಾಗಿಲ ಮೇಲೆ ಆರು ವರ್ಷ ಮೇರಿ ವಿಟ್ಕಂಬ್ ಎಂಬ ಚೀಟಿ ಇತ್ತು. ಫಾರಂನಲ್ಲಿ ಮೊದಲು ಬರುವ ಹೆಸರು ಅದೇ ಎಂದು ವಾರ್ಡನ್ ಹಾಗೆ ಬರೆದರು, ತಿದ್ದಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ಅಜ್ಜಿ ಫೋನ್ ಮಾಡಿ, ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಹೇಳಿ, ಒದೀಲ್ ಬೇಕು ಎಂದಳಂತೆ. ಎತ್ತಿದ ಹುಡುಗಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಇಟ್ಟುಬಿಟ್ಟಳು. ಅಜ್ಜಿ ಆ ದಿನವೆಲ್ಲ ಊಟ ಮಾಡಲಿಲ್ಲ. ಜೋಸೆಫ್ ಎಂದು ಸಹಿ ಹಾಕಿಬಿಟ್ಟರೆ ಕೆಲಸ ಸಲೀಸಾಗುತ್ತದೆ ಎಂದು ನನಗೆ ಗೊತ್ತು, ಮಾನ್ಯರೇ. ಹಾಗೆ ಸಲೀಸು ಮಾಡಿಕೊಂಡೇ ನಾನು ಬೆಳೆದಿದ್ದು.

ಜೆ ಹೇಗೆ ಅಚ್ಚಾಗಿದೆ ಎಂದು ನೋಡೋಣವೆಂದು, ಹಿಟ್ಟಿನ ಡಬ್ಬಿಯ ಹಿಂದೆ ಮುಖ ತಿರುಗಿಸಿ ಇಟ್ಟಿದ್ದ ಚೌಕಟ್ಟನ್ನು ಹೊರಗೆ ತೆಗೆದೆ. ಮೇಲೆ ನೀವು ಅಚ್ಚು ಮಾಡಿದ ಹೆಸರು. ನಡುವೆ ಮಾವನ ಫೋಟೋ, ಪರೀಕ್ಷೆಯ ದಿನದ ಗಾಬರಿಯಲ್ಲಿ ಕಣ್ಣು ಅರಳಿಸಿಕೊಂಡಿರುವ ಮುಖ. ಫೋಟೋದ ಕೆಳಗೆ, ಪ್ರಮಾಣಪತ್ರ ಪಡೆದವರ ಸಹಿ ಎಂಬ ಗೆರೆಯ ಮೇಲೆ, ಮಾವನ ಗುಂಡು ಅಕ್ಷರಗಳಲ್ಲಿ: ಕ್ಲೋವಿಸ್ ಲಾಜೋಯ್. ಅದರ ಪಕ್ಕದಲ್ಲಿ, ಅದೇ ತಾರೀಖಿಗೆ, ನಿಮ್ಮ ಮೊಹರು ಮತ್ತು ನಿಮ್ಮ ಸಹಿ.

ಇದರ ನಕಲು ನಿಮ್ಮ ಕಡತದಲ್ಲೂ ಇದೆ. ಜೋಸೆಫ್ ಮತ್ತು ಕ್ಲೋವಿಸ್ ಒಬ್ಬನೇ ಎಂದು ಮೊದಲು ಬರೆದುಕೊಟ್ಟವರು ನೀವು. ನನ್ನ ಎರಡು ಪುಟವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ನಿಮ್ಮದೇ ಒಂದು ಪುಟವನ್ನು ತಿರುಗಿ ನೋಡಲಿಲ್ಲ.

ನಾನು ಮಾವನ ಕೈಯಿಂದ ಆ ಲಕೋಟೆಯನ್ನು ತೆಗೆದುಕೊಂಡೆ. ಅವನು ಜೋಸೆಫ್ ಎಂದು ಸಹಿ ಹಾಕುವುದಿಲ್ಲ. ಹದಿನೈದನೆಯ ತಾರೀಖಿನೊಳಗೆ ಆಗಬೇಕಾದ ಕೆಲಸ ನಿಮ್ಮದು: ಕಡತ ತೆಗೆದು ಆ ಫೋಟೋ ನೋಡಿ, ಅಮಾನತನ್ನು ರದ್ದು ಮಾಡಿ, ಹತ್ತೊಂಬತ್ತು ಅರ್ಜಿಗಳನ್ನು ಮತ್ತೆ ಕೈಗೆತ್ತಿಕೊಳ್ಳಿ. ಪಟ್ಟಿಯಲ್ಲಿ ಅವನ ಹೆಸರನ್ನು ಜೋಸೆಫ್ ಕ್ಲೋವಿಸ್ ಲಾಜೋಯ್ ಎಂದು ಪೂರ್ತಿಯಾಗಿ ಬರೆಯಿರಿ. ಹೆಸರು ಕೆಡಿಸಿದ ಪತ್ರಿಕೆಯಲ್ಲೇ, ಅದೇ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಅದನ್ನು ಅಚ್ಚು ಹಾಕಿಸಿ. ಓನೆಜಿಮ್ ಸಿರ್ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿರಲಿ. ಅಜ್ಜಿಯ ಯಂತ್ರದ ಮುಚ್ಚಳ ಅಲ್ಲಿಯವರೆಗೆ ತೆರೆಯುವುದಿಲ್ಲ, ಚಳಿ ನಿಮಗಾಗಿ ಕಾಯುವುದೂ ಇಲ್ಲ.

ಕೊನೆಯದಾಗಿ, ನನ್ನ ಎರಡನೆಯ ಪುಟವನ್ನು ನನಗೆ ವಾಪಸು ಕಳಿಸಿ. ಅದು ಅರ್ಜಿಗೆ ಸೇರಿದ್ದಲ್ಲ. ನಮ್ಮ ಮನೆಯವರು ಎಂದುಕೊಂಡು ನಿಮಗೆ ಹೇಳಿದ್ದು.

ಇಂತಿ,
ನಿಮ್ಮನ್ನು ನಂಬಿ ಒಂದು ಪುಟ ಹೆಚ್ಚು ಬರೆದ
ಮೇರಿ ಒದೀಲ್ ವಿಟ್ಕಂಬ್
(ದಯವಿಟ್ಟು ಎಣಿಸಿಕೊಳ್ಳಿ: ಒಬ್ಬಳೇ)